ತಂದೆಯ ಕೈಗೆ ಬೇಸ್ ಗಿಟಾರು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಕಾರ್ಯದರ್ಶಿಗಳು ಈ ಉಪನ್ಯಾಸದ ವಿಷಯವನ್ನು ಬಾಗಿಲ ಪಕ್ಕದ ಫಲಕದ ಮೇಲೆ ಬರೆದ ದಿನದಿಂದ ನನ್ನನ್ನು ಕಂಡವರೆಲ್ಲ ಮುಗುಳುನಗುತ್ತಿದ್ದಾರೆ. ಇದೇ ಮೇಜಿನ ಮುಂದೆ ನಿಂತು ಬಲ್ಲವರು ಭವಿಷ್ಯನಿಧಿಯ ಲೆಕ್ಕವನ್ನು ಕುರಿತು ಮಾತನಾಡಿದ್ದಾರೆ, ಸಕ್ಕರೆ ಕಾಯಿಲೆಯನ್ನು ಕುರಿತು ಮಾತನಾಡಿದ್ದಾರೆ. ಈಗ ಮಾಲು ರವಾನೆ ವಿಭಾಗದ ಗುಮಾಸ್ತನೊಬ್ಬ ಎದ್ದು ನಿಂತು, ಎಪ್ಪತ್ತರ ಅಂಚಿನಲ್ಲಿರುವ ತನ್ನ ತಂದೆ ಬೇಸ್ ಗಿಟಾರು ಕಲಿಯುತ್ತಿರುವ ಸಂಗತಿ ಹೇಳುತ್ತೇನೆಂದರೆ ನಗು ಬರುವುದು ಸಹಜವೇ. ನಗಬೇಡಿರೆಂದು ನಾನು ಕೇಳುವುದಿಲ್ಲ. ನನ್ನ ತಂದೆಯೂ ಮೊದಲು ನಕ್ಕವರೇ. ಆದರೆ ಈ ಮಾತು ನಮ್ಮಲ್ಲಿ ಬಹಳ ಜನರ ಮನೆಯ ಮಾತು ಎಂದು ನನಗೆ ತೋರಿದ್ದರಿಂದ ಒಪ್ಪಿಕೊಂಡೆ.

ಮನೆಯ ಮಾತು ಎಂದೆ. ನಮ್ಮ ಮನೆಗಳೆಂದರೇನು? ಬಜಾಜ್‌ನಗರದಲ್ಲಿ, ರಾಂಜಣಗಾವಿನಲ್ಲಿ, ಜೋಗೇಶ್ವರಿಯಲ್ಲಿ ಒಂದು ಕೋಣೆ, ಒಂದು ಅಡುಗೆಯ ಮೂಲೆ. ಬಜಾಜ್ ಕಾರ್ಖಾನೆ ಇಲ್ಲಿ 1985ರಲ್ಲಿ ಬಂದ ಮೇಲೆ ಅದರ ಸುತ್ತ ನೂರಾರು ಸಣ್ಣ ದೊಡ್ಡ ಕಾರ್ಖಾನೆಗಳು ಎದ್ದವು. ಅವುಗಳ ಹಿಂದೆ ಕಲಬುರಗಿ, ಬೀದರ, ವಿಜಯಪುರದ ಕಡೆಯಿಂದ ನಾವು ಬಂದೆವು. ನಾವು ಬರುವಾಗ ನಮ್ಮ ತಂದೆತಾಯಿಗಳು ಊರಲ್ಲಿ ಗಟ್ಟಿಯಾಗಿದ್ದರು. ಈಗ ಇಬ್ಬರಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಉಳಿದಾಗ, ಉಳಿದವರನ್ನು ಕರೆತಂದು ಈ ಒಂದು ಕೋಣೆಯಲ್ಲಿ ಕೂರಿಸುತ್ತೇವೆ. ನಾವು ಮೊದಲ ಪಾಳಿಗೋ ಮೂರನೆಯ ಪಾಳಿಗೋ ಹೋಗುತ್ತೇವೆ. ಮಕ್ಕಳು ಶಾಲೆಗೆ ಹೋಗುತ್ತವೆ. ಅವರು ಬಾಗಿಲ ಕಡೆ ನೋಡುತ್ತಾ ಕೂರುತ್ತಾರೆ. ಊಟಕ್ಕೆ ಕೊರತೆಯಿಲ್ಲ, ಔಷಧಕ್ಕೆ ಕೊರತೆಯಿಲ್ಲ. ಆದರೆ ಹೊಲ, ಎತ್ತು, ಪಂಚಾಯತಿ, ಭಜನೆ ಎಲ್ಲದರಲ್ಲೂ ಅವರ ಒಂದು ಕೈ ಬೇಕಾಗಿದ್ದ ದಿನಗಳು ಹೋಗಿ, ಯಾವುದಕ್ಕೂ ಅವರ ಕೈ ಬೇಡವಾದ ದಿನಗಳು ಬಂದಿವೆ. ನನ್ನ ತಂದೆ ಬಂದ ಮೊದಲ ಮೂರು ತಿಂಗಳು ಪ್ರತಿ ಸೋಮವಾರ ತಮ್ಮ ಚೀಲ ಕಟ್ಟಿಡುತ್ತಿದ್ದರು. ಪ್ರತಿ ಮಂಗಳವಾರ ನನ್ನ ಹೆಂಡತಿ ಅದನ್ನು ಬಿಚ್ಚಿಡುತ್ತಿದ್ದಳು.

ಅವರು ಅಫಜಲಪುರ ತಾಲ್ಲೂಕಿನ ಒಕ್ಕಲುತನದವರು. ಹುಟ್ಟಿದ್ದು 1956ರಲ್ಲಿ. ಆ ವರ್ಷದ ನವೆಂಬರ್ 1ರವರೆಗೆ ಔರಂಗಾಬಾದೂ ಕಲಬುರಗಿಯೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು ಎಂಬುದನ್ನು ಇಲ್ಲಿಯ ಹುಡುಗರಿಗೆ ನೆನಪು ಮಾಡಿಕೊಡಬೇಕು. ನನ್ನ ತಂದೆಯಂತೂ, ತಾವು ಪರದೇಶಕ್ಕೆ ಬಂದಿಲ್ಲ, ಹಳೆಯ ಮನೆಯ ಇನ್ನೊಂದು ಕೋಣೆಗೆ ಬಂದಿದ್ದೇನೆ ಎಂದು ಹೇಳಿಕೊಳ್ಳುವುದುಂಟು. ಊರಿನ ಭಜನಾ ಮೇಳದಲ್ಲಿ ಅವರು ನಲವತ್ತು ವರ್ಷ ಕೂತವರು. ಹಾಡಿದವರಲ್ಲ. ಪೇಟಿ ಮುಟ್ಟಿದವರಲ್ಲ. ಏಕತಾರಿ ಹಿಡಿದು ಶ್ರುತಿ ಕೊಟ್ಟವರು. ಮೇಳದಲ್ಲಿ ಅಂಥವರ ಹೆಸರನ್ನು ಯಾರೂ ಹೇಳುವುದಿಲ್ಲ. ಅವರು ಬಾರದಿದ್ದ ದಿನ ಮಾತ್ರ ಎಲ್ಲರೂ ಕೇಳುತ್ತಾರೆ.

ಗಿಟಾರು ನಮ್ಮ ಮನೆಗೆ ಬಂದ ಬಗೆ ಸರಳ. ಗಣೇಶೋತ್ಸವದಲ್ಲಿ ವಾದ್ಯಮೇಳ ಕಟ್ಟುವ ನಾಲ್ಕು ಹುಡುಗರು ನಮ್ಮ ಓಣಿಯಲ್ಲಿದ್ದಾರೆ. ಅವರಲ್ಲೊಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೊಸ ಜಾಗ ಸಿಗುವವರೆಗೆ ಇಟ್ಟುಕೊಳ್ಳಿ ಎಂದು ತನ್ನ ಬೇಸ್ ಗಿಟಾರನ್ನೂ ಪುಟ್ಟ ಧ್ವನಿಪೆಟ್ಟಿಗೆಯನ್ನೂ ನಮ್ಮಲ್ಲಿ ಬಿಟ್ಟುಹೋದ. ತಂದೆ ಎರಡು ದಿನ ಅದನ್ನು ಮೂಲೆಯಲ್ಲಿ ನೋಡಿದರು. ಮೂರನೆಯ ದಿನ ಒಂದು ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿ, ಅದರ ಹೊಟ್ಟೆಗೆ ಕಿವಿಯಿಟ್ಟು, "ಇದು ಗಂಡು ತಂಬೂರಿ ಅದ. ಇದಕ್ಕ ಕಣಕ ಎಲ್ಲಿ ಹಚ್ಚತಾರ?" ಎಂದು ಕೇಳಿದರು.

ಕಣಕದ ಮಾತು ತಿಳಿಯದವರಿಗೆ ಹೇಳಬೇಕು. ಆಷಾಢ ಏಕಾದಶಿಗೆ ಇಲ್ಲಿಯೇ ನಮ್ಮ ಪಕ್ಕದ ಪಂಢರಪುರದ ವಿಠ್ಠಲ ಗುಡಿಗೆ ಜನ ನೆರೆಯುವಾಗ ಪಖವಾಜಿನವರನ್ನು ನೀವು ನೋಡಿದ್ದೀರಿ. ಬಾರಿಸುವ ಮುಂಚೆ ಎಡಗಡೆಯ ಚರ್ಮಕ್ಕೆ ಗೋಧಿ ಹಿಟ್ಟಿನ ಕಣಕವನ್ನು ಮೆತ್ತುತ್ತಾರೆ. ಭಾರ ಹೆಚ್ಚಿದರೆ ಚರ್ಮ ನಿಧಾನವಾಗಿ ಕಂಪಿಸುತ್ತದೆ, ದನಿ ಕೆಳಗಿಳಿಯುತ್ತದೆ. ಬೇಸ್ ಗಿಟಾರಿನ ತಂತಿ ದಪ್ಪಗಿರುವುದೂ ಇದೇ ಕಾರಣಕ್ಕೆ. ಅದರ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಮುಂದಿನದು 55 ಸಲ, ಅದರ ಮುಂದಿನದು ಸುಮಾರು 73, ಕೊನೆಯದು 98. ಸಾಮಾನ್ಯ ಗಿಟಾರಿನ ದಪ್ಪ ನಾಲ್ಕು ತಂತಿಗಳಿಗಿಂತ ಇವು ಒಂದು ಸ್ಥಾಯಿ ಕೆಳಗೆ. ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಅದರ ಮುಂದಿನದು ಶುದ್ಧ ಮಧ್ಯಮ. ನಾಲ್ಕಕ್ಕೂ ಇದೇ ಲೆಕ್ಕ. ಭಜನೆಯ ಪೇಟಿಯನ್ನು ಕಂಡವರಿಗೆ ಇಷ್ಟು ತಿಳಿದರೆ ಅರ್ಧ ಭಯ ಹೋಗುತ್ತದೆ.

ಇದು ಪರದೇಶದ ವಾದ್ಯವಲ್ಲವೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಹೌದು. ಅಮೆರಿಕದ ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಎಂಬಾತ 1951ರಲ್ಲಿ ಇಂದಿನ ರೂಪದ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ. ಅದಕ್ಕೆ ಮುಂಚೆ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಿತ್ತು. ಈ ಫೆಂಡರನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆತ ಕಲಿತದ್ದು ಲೆಕ್ಕಪತ್ರ. ಕೆಲಕಾಲ ಲೆಕ್ಕದ ಗುಮಾಸ್ತನಾಗಿದ್ದ. ಕೆಲಸ ಹೋದ ಮೇಲೆ 1938ರಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದ. ನಮ್ಮ ಜಾತಿಯವನೇ ಎಂದು ನಾನು ಆ ಹಿರಿಯರಿಗೆ ಹೇಳಿದೆ.

ಇನ್ನೊಬ್ಬ ಲೆಕ್ಕಿಗನ ಮಾತನ್ನೂ ಹೇಳಬೇಕು, ಆತ ಇಲ್ಲಿಯವನು. ವಾಳೂಜಿನಿಂದ ಬಸ್ಸು ಹಿಡಿದು ಹೋಗಿ ನಾವು ನೋಡಿಬರುವ ದೌಲತಾಬಾದಿನ ಕೋಟೆ ಹಿಂದೆ ದೇವಗಿರಿಯಾಗಿತ್ತು, ಸೇವುಣ ಅರಸರ ರಾಜಧಾನಿಯಾಗಿತ್ತು. ಅವರ ಶಾಸನಗಳು ಎಷ್ಟೋ ಕನ್ನಡದಲ್ಲಿವೆ. 13ನೆಯ ಶತಮಾನದಲ್ಲಿ ಸಿಂಘಣ ದೊರೆಯ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದವನು ಶಾರ್ಙ್ಗದೇವ. ಆತನ ಅಜ್ಜ ಕಾಶ್ಮೀರದಿಂದ ವಲಸೆ ಬಂದವನು. ಹಗಲು ಅರಸನ ಲೆಕ್ಕ ನೋಡಿದ ಈ ವಲಸೆಗಾರರ ಮೊಮ್ಮಗ 'ಸಂಗೀತ ರತ್ನಾಕರ'ವನ್ನು ಬರೆದ. ಇಂದಿಗೂ ಹಿಂದುಸ್ತಾನಿಯವರೂ ಕರ್ನಾಟಕದವರೂ ಅದನ್ನು ತಮ್ಮದೆನ್ನುತ್ತಾರೆ. ಅದರಲ್ಲಿ ನಾದಕ್ಕೆ ಮೂರು ಸ್ಥಾನ ಹೇಳಿದ್ದಾನೆ: ತಾರ ನೆತ್ತಿಯಲ್ಲಿ, ಮಧ್ಯ ಕಂಠದಲ್ಲಿ, ಮಂದ್ರ ಹೃದಯದಲ್ಲಿ. ವಾದ್ಯ ಎಲ್ಲಿಯದಾದರೇನು, ಮಂದ್ರದ ಜಾಗ ಯಾವುದೆಂದು ಈ ಊರಿನಲ್ಲಿ ಎಂಟುನೂರು ವರ್ಷದ ಹಿಂದೆಯೇ ಬರೆದಿಟ್ಟಾಗಿದೆ.

ನಮ್ಮ ಕಡೆಯವರಿಗೂ ಮಂದ್ರದ ಹಂಬಲ ಹೊಸದಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ ನೆಲೆಸಿ 1954ರಲ್ಲಿ ತೀರಿಕೊಂಡ ಸಿತಾರರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಏರ್ಪಾಟನ್ನು ಬದಲಿಸಿ ಅದಕ್ಕೆ ಖರ್ಜದ ಆಳ ತಂದರೆಂದು ಅವರ ಪರಂಪರೆಯವರು ಹೇಳುತ್ತಾರೆ. ಮೀರಜಿನ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಆ ತಂಬೂರಿಯಲ್ಲೂ ನಾಲ್ಕೇ ತಂತಿ, ಕೊನೆಯದು ಖರ್ಜ. ಅದನ್ನು ಮೀಟಿದಾಗಲೇ ಹಾಡುವವನಿಗೆ ನೆಲ ಸಿಕ್ಕುತ್ತದೆ.

ಇಷ್ಟಾದರೂ ಮುದುಕರಿಗೆ ಕೊಳಲನ್ನೋ ಪೇಟಿಯನ್ನೋ ಬಿಟ್ಟು ಇದನ್ನೇ ಏಕೆ ಕೊಡಬೇಕು? ನನ್ನ ಅನುಭವದಲ್ಲಿ ಇದಕ್ಕೆ ದೊಡ್ಡ ಕಾರಣ ಕಿವಿ. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ದನಿಗಳು. ಸಕಾರ, ಶಕಾರ, ತಕಾರಗಳ ಚೂಪು ಸದ್ದು ಕಿವಿಗೆ ತಲುಪದೆ, ಮಾತು ಕೇಳಿದರೂ ಶಬ್ದ ತಿಳಿಯುವುದಿಲ್ಲ. ಅದಕ್ಕೇ ಅವರು ಟೀವಿಯನ್ನು ಜೋರಾಗಿಡುತ್ತಾರೆ, ನಾವು ಸಿಡುಕುತ್ತೇವೆ, ಅವರು ಸುಮ್ಮನಾಗುತ್ತಾರೆ. ಕೆಳಗಿನ ದನಿಗಳು ಬಹುಕಾಲ ಉಳಿಯುತ್ತವೆ. ಬೇಸ್ ಗಿಟಾರಿನ ದನಿ ಕಿವಿಗೆ ಮಾತ್ರವಲ್ಲ, ಎದೆಗೆ ಒರಗಿಸಿಕೊಂಡ ಮರದ ಮೂಲಕ ಮೈಗೂ ತಿಳಿಯುತ್ತದೆ. ಮನೆಯಲ್ಲಿ ನಾವು ಎರಡೆರಡು ಸಲ ಕೂಗಿ ಹೇಳಬೇಕಾದ ನನ್ನ ತಂದೆ, ತಂತಿ ಎಳ್ಳಷ್ಟು ಇಳಿದಿದ್ದರೂ "ಸಡಲಾಗ್ಯಾದ" ಎಂದು ನನಗಿಂತ ಮೊದಲೇ ಹೇಳುತ್ತಾರೆ. ತಾವು ಇನ್ನೊಬ್ಬರಿಗಿಂತ ಚೆನ್ನಾಗಿ ಕೇಳಬಲ್ಲೆ ಎಂಬ ಅನುಭವ ಅವರಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಇನ್ನೊಂದು, ಈ ವಾದ್ಯಕ್ಕೆ ಅವಸರವಿಲ್ಲ. ಒಂದು ಆವರ್ತಕ್ಕೆ ಒಂದೇ ಪೆಟ್ಟು ಹಾಕಿದರೂ, ಸಮದ ಮೇಲೆ ಸರಿಯಾಗಿ ಬಿದ್ದರೆ, ಮೇಳ ನಡೆಯುತ್ತದೆ. ತಪ್ಪಾದ ಹತ್ತು ಸ್ವರಗಳಿಗಿಂತ ಹೊತ್ತಿಗೆ ಬಿದ್ದ ಒಂದು ಸ್ವರ ಇಲ್ಲಿ ಹೆಚ್ಚು ಬೆಲೆಯದು. ಹೊತ್ತು ನೋಡಿ ಬಿತ್ತಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಈಗ ಕೈಯ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಮುದುಕರು ವಾದ್ಯವನ್ನು ಬಿಡುವುದು ಮನಸ್ಸು ಸೋತಲ್ಲ, ಬೆರಳು ನೊಂದು.

ಸಾಧಾರಣ ಬೇಸ್ ಗಿಟಾರಿನ ತಂತಿಯ ಉದ್ದ 34 ಇಂಚು. ಅದರಲ್ಲಿ ತುದಿಯಿಂದ ಮೊದಲ ಮೆಟ್ಟಿಗೆ ಸುಮಾರು 1.9 ಇಂಚು. 30 ಇಂಚಿನ ಚಿಕ್ಕ ಬೇಸ್ ಕೂಡ ಸಿಗುತ್ತದೆ. ಅದರಲ್ಲಿ ಆ ಅಂತರ ಸುಮಾರು 1.7 ಇಂಚು. ಕೂದಲೆಳೆಯ ವ್ಯತ್ಯಾಸವೆಂದು ತೋರಬಹುದು. ನೇಗಿಲ ಮೇಣಿ ಹಿಡಿದು ಬಿರುಸಾದ ಬೆರಳುಗಳಿಗೆ ಅದು ಕೂದಲೆಳೆಯಲ್ಲ. ತಂತಿ ಗಿಡ್ಡವಾದರೆ ಬಿಗಿಯೂ ಕಡಿಮೆ. ಕೊಳ್ಳುವವರು ಚಿಕ್ಕದನ್ನೇ ಕೇಳಿ. ನಮ್ಮಲ್ಲಿಗೆ ಬಂದದ್ದು ದೊಡ್ಡದು; ಅದಕ್ಕೆ ತೆಳುವಾದ ತಂತಿ ಹಾಕಿಸಿದೆವು. ತಂತಿಯಲ್ಲೂ ಎರಡು ಬಗೆ. ಮೇಲೆ ದುಂಡನೆಯ ಸರಿಗೆ ಸುತ್ತಿದ್ದು ಅರದಂತೆ ಬೆರಳನ್ನು ಉಜ್ಜುತ್ತದೆ. ಚಪ್ಪಟೆ ಸರಿಗೆ ಸುತ್ತಿದ್ದು ನುಣುಪಾಗಿರುತ್ತದೆ, ದನಿಯೂ ಮೆತ್ತಗೆ, ತಂಬೂರಿಗೆ ಹತ್ತಿರ. ಬೆಲೆ ಹೆಚ್ಚು. ಆದರೆ ವರ್ಷಗಟ್ಟಲೆ ಬಾಳುತ್ತದೆ.

ವಾದ್ಯದ ತೂಕ ನಾಲ್ಕು ಕಿಲೋದ ಆಸುಪಾಸು. ಚಿತ್ರಗಳಲ್ಲಿ ಕಾಣುವಂತೆ ನಿಂತು ನುಡಿಸಬೇಕಾಗಿಲ್ಲ. ಕೈಯಿಲ್ಲದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲಿಟ್ಟು, ಕೂತಾಗಲೂ ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಎಡಗೈ ವಾದ್ಯವನ್ನು ಹೊರುವ ಕೆಲಸಕ್ಕೇ ಸೋತುಹೋಗುತ್ತದೆ. ತಂತಿಯನ್ನು ಒತ್ತುವುದು ಮೆಟ್ಟಿನ ಬೆನ್ನಿಗೆ, ಅದಕ್ಕೆ ತಾಗಿಕೊಂಡು. ಎರಡು ಮೆಟ್ಟುಗಳ ನಡುಮಧ್ಯೆ ಒತ್ತಿದರೆ ಎರಡರಷ್ಟು ಬಲ ಬೇಕು, ಮೇಲಾಗಿ ದುಂಬಿಯಂತೆ ಗುಂಯ್‌ಗುಟ್ಟುತ್ತದೆ. ಉಂಗುರದ ಬೆರಳು ಬಲಹೀನ. ಅದನ್ನು ಕಿರುಬೆರಳಿನ ಜೊತೆ ಜೋಡೆತ್ತಿನಂತೆ ಹೂಡಿ ಒಟ್ಟಿಗೆ ಒತ್ತುವ ಕ್ರಮ ಡಬಲ್ ಬೇಸಿನವರದು, 19ನೆಯ ಶತಮಾನದಿಂದ ಬಂದದ್ದು. ಜೋಡೆತ್ತು ಎಂಬ ಮಾತು ನನ್ನದಲ್ಲ, ತಂದೆಯದು.

ಬೆಳಗಿನ ಹೊತ್ತು ಗಂಟುಗಳು ಬಿಗಿದಿರುತ್ತವೆ. ಉಗುರುಬೆಚ್ಚನೆಯ ನೀರಿನಲ್ಲಿ ಕೈಯಿಟ್ಟು ಐದು ನಿಮಿಷ ಕಳೆದ ಮೇಲೆ ಮುಟ್ಟಬೇಕು. ಒಂದೇ ಸಲ ಅರ್ಧ ತಾಸು ಕೂರುವುದಕ್ಕಿಂತ ದಿನಕ್ಕೆ ಮೂರು ಸಲ ಏಳೆಂಟು ನಿಮಿಷ ಮೇಲು. ಬೆರಳ ತುದಿಯ ಉರಿ ಎರಡು ಮೂರು ವಾರದಲ್ಲಿ ಚರ್ಮ ಗಟ್ಟಿಯಾಗಿ ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಗಂಟು ನೊಂದರೆ, ಬೆರಳು ಮಡಿಸಿದಲ್ಲೇ ಸಿಕ್ಕಿಕೊಂಡರೆ, ಜೋಮು ಹಿಡಿದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮುದುಕರು ಈ ಎರಡು ನೋವುಗಳನ್ನು ಬೇರೆ ಬೇರೆಯಾಗಿ ಹೇಳುವುದಿಲ್ಲ. "ಏನೂ ಇಲ್ಲ" ಎನ್ನುತ್ತಾರೆ. ನೀವೇ ಕೈ ಹಿಡಿದು ನೋಡಬೇಕು. ನಾನು ನನ್ನ ತಂದೆಯ ಕೈಯನ್ನು ಹಿಡಿದು ಹಾಗೆ ನೋಡಿದ್ದು ಹುಡುಗನಾಗಿದ್ದಾಗ ಜಾತ್ರೆಯಲ್ಲಿ ಹಿಡಿದ ಮೇಲೆ ಇದೇ ಮೊದಲು.

ಪಾಠ ಎಲ್ಲಿಂದ ಆರಂಭವಾಗಬೇಕು? ಮೊದಲ ತಿಂಗಳು ಎಡಗೈಗೆ ಕೆಲಸವೇ ಬೇಡ. ಬಿಟ್ಟ ತಂತಿಯನ್ನು ತೋರುಬೆರಳು, ನಡುಬೆರಳು ಒಂದಾದ ಮೇಲೊಂದರಂತೆ ಮೀಟಿಕೊಂಡು, ಭಜನೆಯ ಠೇಕಾಕ್ಕೆ ಸಮ ಹಿಡಿದರೆ ಸಾಕು. ಆಮೇಲೆ ನಾಲ್ಕನೆಯ ಮೆಟ್ಟು. ನಮ್ಮ ಭಜನೆಯ ಗಂಡಸರು ಬಹಳ ಮಂದಿ ಪೇಟಿಯ ಕರಿ ಒಂದರಲ್ಲಿ ಹಾಡುತ್ತಾರೆ. ಆ ಷಡ್ಜ ಬೇಸ್ ಗಿಟಾರಿನ ಎರಡನೆಯ ದಪ್ಪ ತಂತಿಯ ನಾಲ್ಕನೆಯ ಮೆಟ್ಟಿನಲ್ಲಿದೆ. ಅದೇ ಮೆಟ್ಟಿನಲ್ಲಿ ಪಕ್ಕದ ಅತಿ ದಪ್ಪ ತಂತಿಯನ್ನು ಒತ್ತಿದರೆ ಮಂದ್ರದ ಪಂಚಮ. ಇನ್ನೊಂದು ಪಕ್ಕದ ತಂತಿಯನ್ನು ಒತ್ತಿದರೆ ಮಧ್ಯಮ. ಕೈಯನ್ನು ಉದ್ದಕ್ಕೆ ಸರಿಸಬೇಕಾದ್ದೇ ಇಲ್ಲ. ಈ ಮೂರು ಸ್ವರಗಳಿಂದ ನಮ್ಮ ಎಷ್ಟೋ ಪದಗಳಿಗೆ ಆಧಾರ ಕೊಡಬಹುದು. ಕಾರ್ಖಾನೆಯಿಂದ ಬರುವ ವಾದ್ಯದಲ್ಲಿ ಗುರುತಿನ ಚುಕ್ಕೆಗಳು ಮೂರು, ಐದು, ಏಳನೆಯ ಮೆಟ್ಟಿಗೆ ಇರುತ್ತವೆ, ನಾಲ್ಕಕ್ಕೆ ಇರುವುದಿಲ್ಲ. ನಾವು ಅಂಚಿನ ಮೇಲೆ ಸಾಸಿವೆಯಷ್ಟು ಬಿಳಿಯ ಬಣ್ಣ ಇಟ್ಟೆವು. ಫೋನಿನಲ್ಲಿ ಶ್ರುತಿ ನೋಡುವ ಸಾಧನವಿದೆಯೆಂದು ಅದನ್ನೇ ನಂಬಬೇಡಿ. ಹಳೆಯ ಪೇಟಿಗಳು ಒಂದೊಂದು ಒಂದೊಂದು ಎತ್ತರದಲ್ಲಿರುತ್ತವೆ. ಫೋನಿಗೆ ಸರಿಯಾದ ಗಿಟಾರು ಪೇಟಿಗೆ ಸರಿಯಾಗುವುದಿಲ್ಲ. ಪೇಟಿಯ ಪಕ್ಕ ಕೂತು ಕಿವಿಯಿಂದಲೇ ಹೂಡಿಕೊಳ್ಳಬೇಕು.

ಹಾಡು ಕೇಳಿಸುವಾಗಲೂ ಫೋನಿನ ಪುಟ್ಟ ಬಾಯಿಯಿಂದ ಕೇಳಿಸಬೇಡಿ. ಅಷ್ಟು ಕೆಳಗಿನ ದನಿ ಅದರಿಂದ ಹೊರಡುವುದೇ ಇಲ್ಲ. ಕಿವಿಗೆ ಮುಚ್ಚುವ ಹೆಡ್‌ಫೋನು ಹಾಕಿ, 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳಿಗೆ ಇಳಯರಾಜ ಮಾಡಿದ ಸಂಗೀತವನ್ನು ಕೇಳಿಸಿ. ಎಷ್ಟು ಸಲ ಕೇಳಿದ ಹಾಡಾದರೂ ಅಡಿಯಲ್ಲಿ ಇನ್ನೊಬ್ಬ ನಡೆದಾಡುತ್ತಿರುವುದು ಆಗ ತಿಳಿಯುತ್ತದೆ. ಹೆಡ್‌ಫೋನು ಇನ್ನೊಂದಕ್ಕೂ ಬೇಕು. ನಮ್ಮ ಗೋಡೆಗಳು ತೆಳು, ಮಂದ್ರದ ದನಿ ಗೋಡೆಯನ್ನು ದಾಟುತ್ತದೆ. ಪಕ್ಕದ ಮನೆಯಾತ ಮೂರನೆಯ ಪಾಳಿ ಮುಗಿಸಿ ಹಗಲು ಮಲಗಿರುತ್ತಾನೆ. ಅವನ ನಿದ್ದೆಯ ಮುಂದೆ ಯಾವ ಕಲೆಯೂ ದೊಡ್ಡದಲ್ಲ.

ಇಷ್ಟೂ ಕೈಕೆಲಸ. ನಿಜವಾದ ತೊಡಕು ಬೇರೆ ಇದೆ. ಕಲಿಸುವವನು ಮಗ, ಕಲಿಯುವವನು ತಂದೆ. ಬ್ಯಾಂಕಿನ ಕಾಗದಕ್ಕೆ ಎಲ್ಲಿ ಸಹಿ ಮಾಡಬೇಕೆಂದು ನಾವು ತೋರಿಸುತ್ತೇವೆ, ಮಾತ್ರೆ ಯಾವಾಗ ನುಂಗಬೇಕೆಂದು ಹೇಳುತ್ತೇವೆ, ರಸ್ತೆ ದಾಟುವಾಗ ತೋಳು ಹಿಡಿಯುತ್ತೇವೆ. ಇದರ ಮೇಲೆ ಬೆರಳು ಎಲ್ಲಿಡಬೇಕೆಂದೂ ನಾವೇ ಹೇಳಹೊರಟರೆ ಅವರಿಗೆ ಉಳಿಯುವುದೇನು? ಆದ್ದರಿಂದ ನಾನು ಕಲಿಸುವುದಿಲ್ಲ. ವಾದ್ಯಮೇಳದ ಹುಡುಗರಲ್ಲಿ ಬೀದರ ಕಡೆಯವನೊಬ್ಬ ತನ್ನ ವಾರದ ರಜೆಯಲ್ಲಿ ಬರುತ್ತಾನೆ. ವಯಸ್ಸು ಇಪ್ಪತ್ತಮೂರು. ತಂದೆ ಅವನನ್ನು "ಮಾಸ್ತರ" ಎನ್ನುತ್ತಾರೆ, ಅವನು ಬಂದಾಗ ಎದ್ದು ನಿಲ್ಲುತ್ತಾರೆ, ತಾವೇ ಚಹಾ ತಂದುಕೊಡುತ್ತಾರೆ. ಪರರ ಮಗನಿಗೆ ಶಿಷ್ಯನಾಗುವುದರಲ್ಲಿ ಅವರಿಗೆ ಸಂಕೋಚವಿಲ್ಲ. ನನ್ನ ಪಾಲಿಗೆ ಬಂದದ್ದು ಹಮಾಲಿ: ಪೆಟ್ಟಿಗೆ ಎತ್ತುವುದು, ತಂತಿ ಬದಲಿಸುವುದು, ಕುರ್ಚಿ ಹಾಕುವುದು. ಮೊದಲ ಆರು ವಾರ ನಾನು ಮನೆಯಲ್ಲಿದ್ದಾಗ ಅವರು ವಾದ್ಯ ಮುಟ್ಟಲಿಲ್ಲ. ನಾನು ಕೇಳಲೂ ಇಲ್ಲ. ಏಳನೆಯ ವಾರ, ಒಂದು ಸಂಜೆ, "ಸ್ವಲ್ಪ ತಾಳ ಹಿಡಿ" ಎಂದರು. ಹಿಡಿದೆ. ಎರಡು ಆವರ್ತಕ್ಕೆ ನನ್ನದು ಓಡಿತು. "ನಿನ್ನ ಪಾಳಿ ಗಾಡಿ ತಪ್ಪೂದಿಲ್ಲ, ತಡಿ" ಎಂದರು. ಆ ದಿನದಿಂದ ತಾಳದಲ್ಲಿ ಅವರು ಗುರು, ನಾನು ಶಿಷ್ಯ.

ಮಾಸ್ತರನಿಗೆ ನಾನು ಹೇಳಿದ್ದು ಒಂದೇ: ತಪ್ಪಾಯಿತು ಎನ್ನಬೇಡ. ಭಜನೆಯಲ್ಲಿ ಯಾರೂ ಯಾರಿಗೂ ತಪ್ಪಾಯಿತೆನ್ನುವುದಿಲ್ಲ. ಎಲ್ಲರೂ ಬಂದು ಕೂಡುವವರೆಗೆ ಮುಂದಾಳು ಅದೇ ಸಾಲನ್ನು ತಿರುಗಿಸಿ ಹಾಡುತ್ತಾನೆ. ಹಾಗೆಂದು ಸುಳ್ಳು ಹೊಗಳಿಕೆಯೂ ಬೇಡ. ನಲವತ್ತು ವರ್ಷ ಶ್ರುತಿ ಹಿಡಿದವರಿಗೆ ಅಪಸ್ವರ ಗೊತ್ತಾಗುತ್ತದೆ. ಅದಕ್ಕೆ ನಾವು ವಾಹ್ ಎಂದರೆ, ನಮಗೆ ಕಿವಿಯಿಲ್ಲವೆಂದೋ ಅವರನ್ನು ಮಗುವೆಂದು ತಿಳಿದೆವೆಂದೋ ಅರ್ಥ. ಎರಡೂ ಅವಮಾನವೇ.

ಹೊರಗಿನವರ ನಗುವನ್ನು ತಡೆದುಕೊಳ್ಳಬಹುದು. ಒಳಗಿನ ಮಾತು ಕಷ್ಟ. ನನ್ನ ಅಕ್ಕ ಊರಿನಿಂದ ಫೋನು ಮಾಡಿ, "ಅವ್ವ ಹೋಗಿ ವರ್ಷ ತುಂಬಿಲ್ಲ, ಅಪ್ಪ ಗಿಟಾರ ಬಾರಿಸಲಿಕ್ಕತ್ತಾನಂತ" ಎಂದಳು. ಮಾತು ತಂದೆಯ ಕಿವಿಗೆ ಬಿತ್ತು. ಕೆಳಗಿನ ದನಿಯಲ್ಲಿ ಆಡಿದ್ದರಿಂದ ಸರಿಯಾಗಿಯೇ ಕೇಳಿಸಿತು. ನಾಲ್ಕು ದಿನ ವಾದ್ಯದ ಮೇಲೆ ಹೊದಿಕೆ. ಐದನೆಯ ದಿನ ಸೋಮವಾರ; ಚೀಲ ಕಟ್ಟಿತ್ತು. ನಾನು ಅಕ್ಕನೊಡನೆ ವಾದ ಮಾಡಲಿಲ್ಲ, ಅವಳ ಮಾತಿನಲ್ಲಿ ದುಃಖವಿತ್ತು, ಹಟವಿರಲಿಲ್ಲ. ದಸರೆಗೆ ಬಾ ಎಂದೆ. ಬಂದಳು. ಎರಡನೆಯ ರಾತ್ರಿ ಅಡುಗೆಯ ಮೂಲೆಯಲ್ಲಿ ನನ್ನ ಮಗಳಿಗೆ ಅವ್ವನ ಬೀಸುವ ಪದವೊಂದನ್ನು ಹೇಳಿಕೊಡುತ್ತಿದ್ದಳು. ಬೀಸುವ ಪದಕ್ಕೆ ವಾದ್ಯವಿಲ್ಲ. ಕಲ್ಲಿನ ಗುಡುಗೇ ಶ್ರುತಿ, ಕಲ್ಲಿನ ಸುತ್ತೇ ತಾಳ. ಇಲ್ಲಿ ಕಲ್ಲು ಎಲ್ಲಿದೆ? ತಂದೆ ಎದ್ದು ಹೊದಿಕೆ ತೆಗೆದು, ಅವಳ ದನಿಗೆ ಹೊಂದಿಸಿ, ಷಡ್ಜ ಪಂಚಮವೆರಡನ್ನೇ ನಿಧಾನವಾಗಿ ಸುತ್ತುತ್ತಾ ಹೋದರು. ಅಕ್ಕ ತಿರುಗಿ ನೋಡಲಿಲ್ಲ, ಪದ ನಿಲ್ಲಿಸಲೂ ಇಲ್ಲ. ಮುಗಿದ ಮೇಲೆ, "ಕಲ್ಲು ಇನ್ನೂ ಸ್ವಲ್ಪ ಸಾವಕಾಶ ತಿರಗತಿತ್ತು ಅಪ್ಪಾ" ಎಂದಳು. "ಹೌದು" ಎಂದು ಅವರು ಮತ್ತೆ ಮೊದಲಿನಿಂದ ಹಿಡಿದರು.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಚೀಲ ಈಗಲೂ ತಿಂಗಳಿಗೊಮ್ಮೆ ಕಟ್ಟುತ್ತದೆ. ಬಿತ್ತನೆಯ ಕಾಲಕ್ಕೆ ಊರಿಗೆ ಹೋಗಿಯೇ ಹೋಗುತ್ತಾರೆ, ಹೋಗಲೇಬೇಕು. ಆದರೆ ಹೋಗುವ ಮುಂಚೆ, ತಾವಿಲ್ಲದ ಮೂರು ಭಾನುವಾರ ಮೇಳ ಹೇಗೆ ನಡೆಯಬೇಕೆಂದು ಹುಡುಗರಿಗೆ ಹೇಳಿಹೋಗುತ್ತಾರೆ.

ಬೇರೆ ದೇಶಗಳಲ್ಲಿ ಇದನ್ನು ವ್ಯವಸ್ಥಿತವಾಗಿ ಮಾಡಿದವರಿದ್ದಾರೆ. ಅಮೆರಿಕದ ರೋಚೆಸ್ಟರಿನಲ್ಲಿ ರಾಯ್ ಅರ್ನ್‌ಸ್ಟ್ ಎಂಬ ಸಂಗೀತದ ಪ್ರಾಧ್ಯಾಪಕರು 1991ರಲ್ಲಿ, ಎಂದೂ ವಾದ್ಯ ಮುಟ್ಟದ ವೃದ್ಧರನ್ನು ಸೇರಿಸಿ ಮೇಳವೊಂದನ್ನು ಕಟ್ಟಿದರು. ಅದನ್ನು ನೋಡಿ ಬೇರೆ ಊರುಗಳಲ್ಲೂ ಅಂಥವು ಹುಟ್ಟಿದವು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 60ರಿಂದ 85 ವರ್ಷದ 31 ಮಂದಿಯಲ್ಲಿ ಕೆಲವರಿಗೆ ಆರು ತಿಂಗಳು ಪಿಯಾನೋ ಪಾಠ ಹೇಳಿ, ಪಾಠವಿಲ್ಲದ ಉಳಿದವರೊಡನೆ ಹೋಲಿಸಿ ನೋಡಿದರು. ಗಮನ, ಚುರುಕುಗಳನ್ನು ಅಳೆಯುವ ಕೆಲವು ಪರೀಕ್ಷೆಗಳಲ್ಲಿ ಪಾಠ ಕಲಿತವರು ಮುಂದೆ ಬಂದರಂತೆ. ಮೂವತ್ತೊಂದು ಜನರ ಲೆಕ್ಕದ ಮೇಲೆ ಗೋಪುರ ಕಟ್ಟಬಾರದು. ಮರೆವಿಗೆ ಔಷಧವೆಂದು ಯಾರಾದರೂ ವಾದ್ಯ ಮಾರಲು ಬಂದರೆ ಕೊಳ್ಳಬೇಡಿ.

ಖರ್ಚಿನ ಮಾತಿನ್ನು. ಹೊಸದನ್ನು ಕೊಳ್ಳುವ ಆತುರ ಬೇಡ. ನಮ್ಮ ಓಣಿಗಳಲ್ಲಿ ಹುಡುಗರು ಊರು ಬದಲಿಸುವಾಗ ಗಿಟಾರುಗಳು ಮಂಚದ ಕೆಳಗೆ ಉಳಿಯುತ್ತವೆ. ಹಳೆಯದನ್ನು ಕೊಳ್ಳುವಾಗ ಕುತ್ತಿಗೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಬಾಗಿ ಬಿಲ್ಲಾಗಿದ್ದರೆ ಬಿಡಿ. ಪ್ರತಿ ಮೆಟ್ಟನ್ನೂ ಒತ್ತಿ ನುಡಿಸಿ. ಹನ್ನೆರಡನೆಯ ಮೆಟ್ಟಿನ ಸ್ವರ ಬಿಟ್ಟ ತಂತಿಯ ಸ್ವರಕ್ಕೆ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ವಯರು ಸಿಕ್ಕಿಸುವ ತೂತಿನಲ್ಲಿ ಕರಕರ ಸದ್ದು ಬಂದರೆ ಹೆದರಬೇಡಿ, ಬೆಸುಗೆ ಹಾಕಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ.

ಪುಣೆಗೆ ಹೋದ ಹುಡುಗ ಹೋದ ತಿಂಗಳು ತನ್ನ ವಾದ್ಯವನ್ನು ಕೇಳಿದ. ಕೊಡಬೇಕಾದ್ದು ನ್ಯಾಯ, ಕೊಟ್ಟೆವು. ಈಗ ತಂದೆಯ ಬಳಿ ಇರುವುದು ಮಾಸ್ತರ ಹುಡುಕಿಕೊಟ್ಟ 30 ಇಂಚಿನದು; ಹಣ ಅವರದೇ, ಎತ್ತು ಮಾರಿದ್ದರಲ್ಲಿ ಉಳಿದದ್ದು. ನಾನು ಕೊಡುತ್ತೇನೆಂದರೆ ಒಪ್ಪಲಿಲ್ಲ. ಇವತ್ತು ಅದನ್ನು ತಂದಿದ್ದಾರೆ, ಹಿಂದಿನ ಬೆಂಚಿನ ಪಕ್ಕ ಗೋಡೆಗೆ ಒರಗಿದೆ. ಕೈಗೆ ತೆಗೆದುಕೊಂಡು ನೋಡಬಹುದು, ಆದರೆ ಕಿವಿ ತಿರುವಬೇಡಿ, ಶ್ರುತಿ ಮಾಡಿಟ್ಟಿದ್ದಾರೆ. ಪ್ರಶ್ನೆಗಳಿದ್ದರೆ ಕೈಗಳ ವಿಚಾರಕ್ಕೆ ಅವರನ್ನೇ ಕೇಳಿ, ತಂತಿ ಬೆಲೆಯ ವಿಚಾರಕ್ಕೆ ನನ್ನನ್ನು ಕೇಳಿ. ಮೂರನೆಯ ಪಾಳಿಯವರು ಮೊದಲು ಕೇಳಲಿ, ಅವರ ಬಸ್ಸಿನ ಹೊತ್ತಾಯಿತು.